ಹಳೆಯ ದೊಡ್ಡ ಮೋಟಾರ್ ಯಾಟ್ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿ ಕಡೆಯವನು. ಈಗಿರುವುದು ಅಮೆರಿಕದ ಫ್ಲಾರಿಡಾದಲ್ಲಿ, ಫೋರ್ಟ್ ಲಾಡರ್‌ಡೇಲಿನ ಹತ್ತಿರ. ಹನ್ನೊಂದು ವರ್ಷದ ಹಿಂದೆ 1970ರ ದಶಕದ ಒಂದು ಫೈಬರ್ ಯಾಟ್, ಅಂದರೆ ವಿಹಾರದ ದೊಡ್ಡ ಬೋಟು, ಕೊಂಡೆ: 52 ಅಡಿ ಉದ್ದ, ಎರಡು ಡೀಸೆಲ್ ಇಂಜಿನ್ನು. ಅಲ್ಲಿಂದ ಈಚೆಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಊರಿನ ಫೋನಿನಲ್ಲಿ, ಗುರುತಿಲ್ಲದವರ ಇಮೇಲಿನಲ್ಲಿ ಕೇಳುವುದು ಅವೇ ಪ್ರಶ್ನೆಗಳು. ಕೇಳಿದವರ ಮಾತಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನನ್ನ ಬೋಟು ಯಾವ ಕಂಪನಿಯದು ಎಂದು ಮಾತ್ರ ಬರೆಯುವುದಿಲ್ಲ. ಅದರ ಕಷ್ಟಗಳಲ್ಲಿ ಅರ್ಧ ನನ್ನದೇ ಉಡಾಫೆಯಿಂದ ಬಂದವು.

## ಶುರುವಿನವು

"ಐವತ್ತಡಿ ಯಾಟು 80 ಸಾವಿರ ಡಾಲರ್‌ಗೆ ಇದೆ ಸರ್! ಇದರಲ್ಲಿ ಏನಾದ್ರೂ ಮೋಸ ಇದೆಯಾ?"

ಮೋಸ ಇಲ್ಲ. ಮಾರುವವರಿಗೆ ಲೆಕ್ಕ ಗೊತ್ತಿದೆ, ಅಷ್ಟೆ. ಬೋಟಿಗೆ ವಯಸ್ಸಾದ ಹಾಗೆ ಅದರ ಬೆಲೆ ಇಳಿಯುತ್ತದೆ. ಆದರೆ ಅದಕ್ಕೆ ಬೇಕಾದ ಪಂಪು, ಬಣ್ಣ, ಪೈಪು, ಮೆಕ್ಯಾನಿಕ್‌ನ ಗಂಟೆ ಕೂಲಿ ಯಾವುದೂ ಇಳಿಯುವುದಿಲ್ಲ. ಇಷ್ಟೇ ಗಾತ್ರದ ಹೊಸ ಯಾಟಿಗೆ 10 ಲಕ್ಷ ಡಾಲರಿನ ಮೇಲಾಗುತ್ತದೆ. ನಿಮ್ಮ 80 ಸಾವಿರದ ಬೋಟಿನಲ್ಲಿ ಕೆಡುವುದೂ ಆ 10 ಲಕ್ಷದ ಬೋಟಿನ ಗಾತ್ರದ ಸಾಮಾನೇ. ಆನೆ ಅಗ್ಗಕ್ಕೆ ಸಿಕ್ಕಿತೆಂದು ಅದು ಆಡಿನಷ್ಟು ಮೇಯುತ್ತದೆಯೇ?

"ಕೊಂಡ ಬೆಲೆಯ ಹತ್ತು ಪರ್ಸೆಂಟ್ ವರ್ಷಕ್ಕೆ ಎತ್ತಿಟ್ರೆ ಸಾಕಂತೆ, ಹೌದಾ?"

ಹೊಸ ಬೋಟಿಗೆ ಆ ಲೆಕ್ಕ ಹೇಗೋ ನಡೆದೀತು. ಹಳತಕ್ಕೆ ಅದು ಬರೀ ಸಮಾಧಾನದ ಮಾತು. ನಾನು ಕೊಂಡದ್ದು 85 ಸಾವಿರಕ್ಕೆ. ಆ ಲೆಕ್ಕದಲ್ಲಿ ವರ್ಷಕ್ಕೆ ಎಂಟೂವರೆ ಸಾವಿರ ಸಾಕಾಗಬೇಕಿತ್ತು. ಕಳೆದ ವರ್ಷ ನನ್ನ ಕೈಬಿಟ್ಟದ್ದು ಹೀಗೆ: ಮರೀನಾದಲ್ಲಿ ಬೋಟು ನಿಲ್ಲಿಸುವ ಜಾಗಕ್ಕೆ 14 ಸಾವಿರ, ಇನ್ಶೂರೆನ್ಸಿಗೆ 6 ಸಾವಿರ, ತಿಂಗಳಿಗೊಮ್ಮೆ ನೀರಿಗಿಳಿದು ತಳ ಉಜ್ಜುವವನಿಗೆ ಹತ್ತಿರ ಹತ್ತಿರ 2 ಸಾವಿರ, ಮೇಲೆತ್ತಿ ಬಣ್ಣ ಹೊಡೆಸಲು ವರ್ಷದ ಪಾಲು ನಾಲ್ಕೂವರೆ ಸಾವಿರ, ಉಳಿದ ರಿಪೇರಿಗಳಿಗೆ 10 ಸಾವಿರ. ಒಟ್ಟು 36 ಸಾವಿರದ ಮೇಲೆ. ಇದರಲ್ಲಿ ಡೀಸೆಲ್ ಸೇರಿಲ್ಲ. ಇದು ದೊಡ್ಡ ಅನಾಹುತ ಏನೂ ಆಗದ ವರ್ಷ, ಮತ್ತು ಅರ್ಧ ಕೆಲಸ ನಾನೇ ಮಾಡಿಕೊಂಡದ್ದು.

ನನ್ನನ್ನು ಕೇಳಿದರೆ ಪರ್ಸೆಂಟೇಜ್ ಬಿಟ್ಟುಬಿಡಿ. ಕೊಂಡ ಬೆಲೆಯ ಅರ್ಧದಷ್ಟು ದುಡ್ಡು ಮೊದಲ ಎರಡು ವರ್ಷಕ್ಕೆಂದು ಬ್ಯಾಂಕಿನಲ್ಲಿ ಬೇರೆಯೇ ಇರಲಿ. ಇಲ್ಲದಿದ್ದರೆ ಕೊಳ್ಳಬೇಡಿ.

"ನನ್ನ ಹತ್ರ ಮೂವತ್ತಡಿ ಬೋಟಿದೆ. ಇದು ಇನ್ನೊಂದಿಪ್ಪತ್ತು ಅಡಿ ಹೆಚ್ಚು, ಅಷ್ಟೇ ತಾನೆ?"

ಉದ್ದ ಅಡಿಯ ಲೆಕ್ಕದಲ್ಲಿ ಹೆಚ್ಚುತ್ತದೆ. ಅಗಲ, ಎತ್ತರಗಳೂ ಜೊತೆಗೇ ಹೆಚ್ಚುತ್ತವೆ. ಒಂದೇ ಆಕಾರದ ಎರಡು ಬೋಟುಗಳಲ್ಲಿ 30 ಅಡಿಯದಕ್ಕಿಂತ 50 ಅಡಿಯದರ ಗಾತ್ರ ನಾಲ್ಕೂವರೆ ಪಟ್ಟು ದೊಡ್ಡದು. ಮೂವತ್ತಡಿಯದರಲ್ಲಿ ಒಂದು ಟಾಯ್ಲೆಟ್ ಇದ್ದರೆ ಇದರಲ್ಲಿ ಮೂರು. ಜೊತೆಗೆ ಜನರೇಟರ್, ನಾಲ್ಕು ಎಸಿ, ನೀರು ಕಾಯಿಸುವ ಟ್ಯಾಂಕು. ತಳದಲ್ಲಿ ನೀರು ಒಳಗೆ ಬರುವ, ಹೊರಗೆ ಹೋಗುವ ತೂತುಗಳು ನನ್ನದರಲ್ಲಿ ಇಪ್ಪತ್ತೆರಡು ಇವೆ. ಒಂದೊಂದಕ್ಕೂ ಒಂದು ವಾಲ್ವು, ಒಂದೊಂದು ಹೋಸು, ಎರಡೆರಡು ಕ್ಲಾಂಪು. ಹಗ್ಗ ಕೂಡ ದಪ್ಪ ಬೇಕು.

"ಡೀಸೆಲ್ಲೇ ಅಲ್ವಾ ಜೇಬು ಖಾಲಿ ಮಾಡೋದು?"

ಎಲ್ಲರೂ ಹೆದರುವುದು ಅದಕ್ಕೇ, ಆದರೆ ಅದು ನಿಮ್ಮ ಕೈಯಲ್ಲಿದೆ. ನೀರಿನ ಮಟ್ಟದಲ್ಲಿ ಬೋಟಿನ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 49 ಅಡಿಗೆ ಸುಮಾರು 9.4 ನಾಟ್ ಬರುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಆ ವೇಗದ ಒಳಗೆ ಬೋಟು ನೀರನ್ನು ಸರಿಸಿಕೊಂಡು ಹೋಗುತ್ತದೆ. ದಾಟಿದರೆ ತಾನೇ ಎಬ್ಬಿಸಿದ ಅಲೆಯ ಗುಡ್ಡವನ್ನು ಹತ್ತಬೇಕಾಗುತ್ತದೆ. ನನ್ನದು 8 ನಾಟಿನಲ್ಲಿ ಎರಡೂ ಇಂಜಿನ್ ಸೇರಿ ಗಂಟೆಗೆ 10 ಗ್ಯಾಲನ್ ಕುಡಿಯುತ್ತದೆ, 15 ನಾಟಿಗೆ ಹೋದರೆ 35ರ ಮೇಲೆ. ನಾನು ಎಂಟರಲ್ಲೇ ಹೋಗುವವನು. ಎಂಟರಲ್ಲಿ ಹೋದರೆ ಮೀನು ಹಾರುವುದೂ ಕಾಣುತ್ತದೆ.

"ಮರದ್ದು ಒಂದು ಅರವತ್ತಡಿ ಪುಕ್ಕಟೆ ಕೊಡ್ತಾರಂತೆ. ತಗೊಳ್ಲಾ?"

ಬೇಡ. ಮರದ ಬೋಟು ಕೆಟ್ಟದ್ದೆಂದಲ್ಲ. ಮಲ್ಪೆಯಲ್ಲಿ ಹಲಗೆ ಸಂದಿಗೆ ಹತ್ತಿ ತುರುಕುವ ಕೈಗಳನ್ನು ನೋಡುತ್ತಾ ಬೆಳೆದವನು ನಾನು. ಇಲ್ಲಿ ಅಂಥ ಕೈಗಳು ವಿರಳ, ಸಿಕ್ಕರೂ ತುಟ್ಟಿ. 1960ರಲ್ಲಿ ಉತ್ತರ ಕ್ಯಾರೊಲಿನಾದ ಹೈ ಪಾಯಿಂಟಿನಲ್ಲಿ ಹ್ಯಾಟರಸ್ ಕಂಪನಿ 41 ಅಡಿಯ ಫೈಬರ್ ಬೋಟು ಕಟ್ಟಿತು. ಗ್ರ್ಯಾಂಡ್ ಬ್ಯಾಂಕ್ಸ್‌ನವರು 1973ರಲ್ಲಿ ಮರ ಬಿಟ್ಟು ಫೈಬರಿಗೆ ಬಂದರು. ಆಮೇಲೆ ದೊಡ್ಡ ಮರದ ಬೋಟು ಬಲ್ಲ ಯಾರ್ಡುಗಳು ಒಂದೊಂದಾಗಿ ಕಡಿಮೆಯಾದವು. ಇನ್ಶೂರೆನ್ಸೂ ಸುಲಭಕ್ಕೆ ಸಿಗದು. ಪುಕ್ಕಟೆ ಬಂದ ಬೋಟನ್ನು ಒಡೆದು ಕಸಕ್ಕೆ ಸಾಗಿಸಲು ನೀವೇ ದುಡ್ಡು ಕೊಡಬೇಕಾದೀತು.

## ಕೊಳ್ಳುವ ಮುನ್ನ

"ನಾನಿನ್ನೂ ಹೆಚ್-1ಬಿ ವೀಸಾ ಮೇಲಿದ್ದೀನಿ. ನನ್ನ ಹೆಸರಿಗೆ ಬೋಟು ಆಗುತ್ತಾ?"

ಆಗುತ್ತದೆ, ಒಂದು ಬಾಗಿಲು ಮಾತ್ರ ಮುಚ್ಚಿರುತ್ತದೆ. 5 ನೆಟ್ ಟನ್ (ಇದು ತೂಕವಲ್ಲ, ಒಳಜಾಗದ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಬೋಟನ್ನು ಕೋಸ್ಟ್ ಗಾರ್ಡ್‌ನ ಕೇಂದ್ರ ದಾಖಲೆಗೆ ಸೇರಿಸಬಹುದು, ಆದರೆ ಅದು ಅಮೆರಿಕದ ಪ್ರಜೆಗಳಿಗಷ್ಟೇ. ಗ್ರೀನ್ ಕಾರ್ಡಿನವರಿಗೂ ಇಲ್ಲ. ರಾಜ್ಯದ ನೋಂದಣಿಗೆ ಆ ತಕರಾರಿಲ್ಲ. ತೊಡಕಾಗುವುದು ಸಾಲ ಕೇಳುವಾಗ. ದೊಡ್ಡ ಬೋಟಿಗೆ ಸಾಲ ಕೊಡುವ ಬ್ಯಾಂಕುಗಳು ಹೆಚ್ಚಾಗಿ ಆ ಕೇಂದ್ರ ದಾಖಲೆಯನ್ನೇ ಕೇಳುತ್ತವೆ.

"ಮೊದಲು ಬೋಟ್ ನೋಡ್ಲಾ, ಇನ್ಶೂರೆನ್ಸ್ ವಿಚಾರಿಸ್ಲಾ?"

ಇನ್ಶೂರೆನ್ಸ್. ನಾನು ಉಲ್ಟಾ ಮಾಡಿದೆ. ಮುಂಗಡ ಕೊಟ್ಟ ಮೇಲೆ ಏಳು ಕಡೆ ಫೋನು ಮಾಡಿದೆ, ಐವರು ಬೋಟಿನ ವಯಸ್ಸು ಕೇಳಿಯೇ ಇಟ್ಟರು. ಆರನೆಯವರು ಇದಕ್ಕೂ ಮುಂಚೆ ಎಷ್ಟಡಿಯ ಬೋಟು ಓಡಿಸಿದ್ದೀರಿ ಅಂದರು. 26 ಅಡಿ ಅಂದದ್ದಕ್ಕೆ, ಲೈಸೆನ್ಸಿನ ಕ್ಯಾಪ್ಟನ್ ಒಬ್ಬನ ಜೊತೆ ಇಷ್ಟು ಗಂಟೆ ಓಡಿಸಿ ಅವನ ಸಹಿ ತನ್ನಿ ಎಂಬ ಶರತ್ತು ಬಂತು. ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಬಿರುಗಾಳಿ ಬಂದರೆ ಬೋಟನ್ನು ಎಲ್ಲಿ ಇಡುತ್ತೀರಿ, ಯಾರು ಮೇಲೆತ್ತುತ್ತಾರೆ ಎಂದು ಬರೆದುಕೊಡಬೇಕು. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಬಂದು ನೈಋತ್ಯ ಫ್ಲಾರಿಡಾದ ಬೋಟುಗಳನ್ನು ರಸ್ತೆಗೆ, ಅಂಗಳಕ್ಕೆ ಎಸೆದ ಮೇಲೆ ಈ ಕಾಗದವನ್ನು ಅವರು ನಿಜವಾಗಿಯೂ ಓದುತ್ತಾರೆ.

"ಸರ್ವೇಯರ್‌ಗೆ ಅಷ್ಟು ದುಡ್ಡು ಯಾಕೆ? ನಮ್ಮ ಭಾವ ಮೆಕ್ಯಾನಿಕಲ್ ಇಂಜಿನಿಯರ್, ಅವರೇ ನೋಡ್ತಾರೆ."

ಭಾವನವರನ್ನು ಊಟಕ್ಕೆ ಕರೆದುಕೊಂಡು ಬನ್ನಿ. ಬೋಟು ನೋಡಲು ಇಬ್ಬರು ಬೇಕು: ಬೋಟಿನ ಒಡಲು ಪರೀಕ್ಷಿಸುವ ಹಲ್ ಸರ್ವೇಯರ್ ಒಬ್ಬ, ಇಂಜಿನ್ ಬಲ್ಲವನು ಇನ್ನೊಬ್ಬ. ಬ್ರೋಕರ್ ತೋರಿಸಿದವರು ಬೇಡ. ಹಲ್ ಸರ್ವೇಯರ್ ಕೈಯಲ್ಲಿ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಇರುತ್ತದೆ. ಡೆಕ್ಕಿನುದ್ದಕ್ಕೂ ತಟ್ಟುತ್ತಾ ಹೋಗುತ್ತಾನೆ, ನಮ್ಮಲ್ಲಿ ಹಲಸಿನ ಹಣ್ಣನ್ನು ತಟ್ಟಿ ನೋಡಿದ ಹಾಗೆಯೇ. ಗಟ್ಟಿ ಇದ್ದಲ್ಲಿ ಟಕ್ ಟಕ್ ಎನ್ನುತ್ತದೆ. ಒಳಗೆ ಕೊಳೆತಲ್ಲಿ ಡಬ್ ಎಂದು ಸದ್ದು ಸತ್ತುಹೋಗುತ್ತದೆ. ಅಂಥ ಜಾಗಕ್ಕೆಲ್ಲ ಬಣ್ಣದ ಟೇಪು ಅಂಟಿಸುತ್ತಾನೆ. ನನ್ನ ಬೋಟಿನ ಮುಂದಿನ ಡೆಕ್ಕು ಆ ದಿನ ಸಂಜೆಗೆ ತೇರಿನ ಹಾಗೆ ಕಾಣುತ್ತಿತ್ತು. ಆ ಟೇಪುಗಳನ್ನು ಎಣಿಸಿಯೇ 12 ಸಾವಿರ ಇಳಿಸಿದೆ.

ಇಂಜಿನ್ ಪರೀಕ್ಷೆಗೆ ಹೋದ ಕೂಡಲೇ ಮಾತಿಗೆ ನಿಲ್ಲಬೇಡಿ, ನೇರ ಕೆಳಗಿಳಿದು ಇಂಜಿನ್ನಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿನ ಇಂಜಿನ್ ಏಳುವಾಗ ಕಾರುವ ಹೊಗೆಯೇ ಅದರ ಜಾತಕ. ನೀರಿಗೆ ಹೋದ ಮೇಲೆ ಕೆಲವು ನಿಮಿಷ ಪೂರ್ತಿ ಥ್ರಾಟಲ್ ಕೊಡಿಸಿ, ಕಂಪನಿ ಹೇಳಿದ ಆರ್‌ಪಿಎಂ ಬರುತ್ತದೆಯೇ ನೋಡಿ. "ಹಳೇದು, ಅಷ್ಟೆಲ್ಲ ಓಡಿಸಬೇಡಿ" ಎಂದು ಮಾಲೀಕ ಅಡ್ಡಬಂದರೆ ನಿಮಗೆ ಉತ್ತರ ಸಿಕ್ಕಿತು. ಎರಡು ಇಂಜಿನ್, ಎರಡು ಗೇರ್‌ಬಾಕ್ಸ್, ಜನರೇಟರ್, ಇವುಗಳ ಎಣ್ಣೆ ತೆಗೆದು ಲ್ಯಾಬಿಗೆ ಕಳಿಸಲು ಖರ್ಚು ಕಡಿಮೆ, ತಪ್ಪಿಸಬೇಡಿ.

"ತಳದಲ್ಲಿ ಗುಳ್ಳೆ ಎದ್ದಿವೆ ಅಂತ ರಿಪೋರ್ಟ್ ಬಂದಿದೆ. ಕೈ ಬಿಡೋಣ್ವಾ?"

1970-80ರ ದಶಕದ ಪಾಲಿಯೆಸ್ಟರ್ ಫೈಬರಿನಲ್ಲಿ ಇದು ಹೊಸತಲ್ಲ. ನೀರು ಮೆಲ್ಲಗೆ ಜಿನುಗಿ ಒಳಗಿನ ರಾಸಾಯನಿಕಗಳ ಜೊತೆ ಸೇರುತ್ತದೆ, ಆ ದ್ರವ ಉಬ್ಬಿ ಗುಳ್ಳೆಯಾಗುತ್ತದೆ. ಒಡೆದರೆ ಹುಳಿ ವಾಸನೆ. ನಾಣ್ಯದಗಲದವು ಒಂದಷ್ಟಿದ್ದರೆ ಮೇಲೆತ್ತಿದಾಗ ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿದರಾಯಿತು. ಪದರಗಳೇ ಬಿಟ್ಟುಕೊಂಡಿದ್ದರೆ ಮಾತ್ರ ಹೆದರಿ. ಗುಳ್ಳೆಯ ಹೆಸರು ಹೇಳಿ ಬೆಲೆ ಇಳಿಸುವವರೇ ಹೆಚ್ಚು, ನೀವೂ ಇಳಿಸಿ.

## ಕೈಗೆ ಬಂದ ಮೇಲೆ

"ಉಪ್ಪುನೀರು ತಾನೆ ಬೋಟನ್ನ ತಿನ್ನೋದು?"

ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಇದಕ್ಕೆ ಉಲ್ಟಾ. ಕೆಳಗಿನ ಉಪ್ಪುನೀರಿಗೆಂದೇ ಬೋಟು ಕಟ್ಟಿದ್ದಾರೆ. ಮೇಲಿಂದ ಬರುವ ಮಳೆನೀರೇ ಅದನ್ನು ಕೊಲ್ಲುವುದು. ಡೆಕ್ಕು ನೋಡಲು ಒಂದೇ ಫೈಬರ್ ಹಲಗೆ. ಒಳಗೆ ನೋಡಿದರೆ ಎರಡು ತೆಳು ಪದರದ ನಡುವೆ ಬಾಲ್ಸಾ ಎಂಬ ಹಗುರ ಮರದ ತುಂಡುಗಳು. ರೇಲಿಂಗಿಗೋ ಆಂಟೆನಾಕ್ಕೋ ಮೂವತ್ತು ವರ್ಷದ ಹಿಂದೆ ಯಾರೋ ಕೊರೆದ ಸ್ಕ್ರೂ ತೂತಿನಿಂದ ಹನಿ ಇಳಿದರೂ ಸಾಕು, ಬಾಲ್ಸಾ ನೆನೆದ ಅವಲಕ್ಕಿಯಾಗುತ್ತದೆ. ಉಪ್ಪುನೀರಿನಲ್ಲಿ ಮರ ಕೊಳೆಯುವುದು ನಿಧಾನ. ಸಿಹಿನೀರಿನಲ್ಲಿ ಶಿಲೀಂಧ್ರಕ್ಕೆ ಹಬ್ಬ.

ನನ್ನ ಬೋಟಿನಲ್ಲಿ ಕಿಟಕಿಗಳದ್ದೇ ಕಥೆ. ಅಲ್ಯೂಮಿನಿಯಂ ಚೌಕಟ್ಟಿನ ಹನ್ನೆರಡು ಕಿಟಕಿ. ಒಂದರ ಕೆಳಗೆ ಗೋಡೆಯ ಪ್ಲೈವುಡ್ ಅಂಚಿನಲ್ಲಿ ಟೀ ಕಲೆಯಂಥ ಗೆರೆ ಕಂಡಿತ್ತು. ಸಿಲಿಕೋನ್ ಬಳಿದು ಸುಮ್ಮನಾದೆ. ಎರಡು ಮಳೆಗಾಲ ಕಳೆದ ಮೇಲೆ ಬೆರಳು ಒತ್ತಿದರೆ ಗೆಣ್ಣಿನ ತನಕ ಒಳಗೆ ಹೋಯಿತು. ಸೋರುವ ಕಿಟಕಿಗೆ ಹೊರಗಿಂದ ಸಿಲಿಕೋನ್ ಬಳಿಯುವುದು ಗಾಯದ ಮೇಲೆ ಪೌಡರ್ ಹಾಕಿದ ಹಾಗೆ. ಚೌಕಟ್ಟು ಪೂರ್ತಿ ಬಿಚ್ಚಬೇಕು, ಕೊಳೆತ ಮರ ಕತ್ತರಿಸಬೇಕು, ಹೊಸದಾಗಿ ಕೂರಿಸಬೇಕು. ಕಿಟಕಿಗೊಂದು ವಾರಾಂತ್ಯ ಎಂದುಕೊಂಡಿದ್ದೆ, ಒಂದೊಂದಕ್ಕೆ ಮೂರು ಹೋಗುತ್ತಿವೆ.

"ಸಾಗುವಾನಿ ಡೆಕ್ಕು ಎಷ್ಟು ಚಂದ ಮಾರಾಯ್ರೆ! ಅದು ಪ್ಲಸ್ ಪಾಯಿಂಟ್ ಅಲ್ವಾ?"

ಫೋಟೋಕ್ಕೆ ಪ್ಲಸ್. ಹಳೆಯ ಬೋಟುಗಳಲ್ಲಿ ಆ ಪಟ್ಟಿಗಳನ್ನು ಸಾವಿರಾರು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಅಂದರೆ ಡೆಕ್ಕಿಗೆ ಸಾವಿರಾರು ತೂತು. ತೈವಾನಿನಲ್ಲಿ ಕಟ್ಟಿದ ಎಷ್ಟೋ ಟ್ರಾಲರ್ ಮಾದರಿಯ ಬೋಟುಗಳಲ್ಲಿ ಅದರಡಿಗೇ ಕಬ್ಬಿಣದ ಡೀಸೆಲ್ ಟ್ಯಾಂಕು. ಸೋರಿದ ನೀರು ಟ್ಯಾಂಕಿನ ತಲೆಯ ಮೇಲೆ ನಿಂತು ಹೊರಗಿನಿಂದ ತುಕ್ಕು ಹಿಡಿಸುತ್ತದೆ. ಟ್ಯಾಂಕು ಬದಲಿಸಲು ಕೆಲವೊಮ್ಮೆ ಇಂಜಿನ್ನನ್ನೇ ಹೊರಗೆತ್ತಬೇಕು.

"ಹಳೇ ಡೆಟ್ರಾಯಿಟ್ ಇಂಜಿನ್ ಇರೋ ಬೋಟು ಬೇಡ ಅಂತಾರೆ ಎಲ್ಲರೂ. ನಿಮ್ಮಲ್ಲಿರೋದು ಅದೇ ಅಲ್ವಾ?"

ಅದೇ, ಡೆಟ್ರಾಯಿಟ್ ಡೀಸೆಲ್ ಕಂಪನಿಯ ಎರಡು 8ವಿ-71. ಎಂಟು ಸಿಲಿಂಡರ್, ಒಂದೊಂದು 71 ಘನ ಇಂಚು. 1938ರಿಂದ ಬಂದ ಟೂ-ಸ್ಟ್ರೋಕ್ ಡೀಸೆಲ್ ಸರಣಿ ಇದು. ಅಮೆರಿಕದ ಸಿಟಿ ಬಸ್ಸುಗಳಲ್ಲೂ ಸೈನ್ಯದ ಗಾಡಿಗಳಲ್ಲೂ ಓಡಿದ್ದರಿಂದ ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಕಿರುಚುತ್ತದೆ, ಎಣ್ಣೆ ಸೋರುತ್ತದೆ. ಎಣ್ಣೆ ಸೋರುತ್ತಿಲ್ಲ ಅಂದರೆ ಒಳಗೆ ಎಣ್ಣೆಯೇ ಇಲ್ಲ ಎಂಬುದು ಇಲ್ಲಿನ ಧಕ್ಕೆಯ, ಅಂದರೆ ಬೋಟು ನಿಲ್ಲುವ ಕಟ್ಟೆಯ, ಜೋಕು. ಇದಕ್ಕೆ 40 ಗ್ರೇಡಿನ ಸಿಂಗಲ್ ಗ್ರೇಡ್ ಎಣ್ಣೆಯೇ ಬೇಕು, ಅಂಗಡಿಯವನು ಕೊಟ್ಟ 15ಡಬ್ಲ್ಯೂ-40 ಅಲ್ಲ. ಇಂಜಿನ್ನನ್ನು ಬೋಟಿನಿಂದ ಎತ್ತದೆ, ಇದ್ದಲ್ಲೇ ಲೈನರ್, ಪಿಸ್ಟನ್ ಬದಲಿಸಬಹುದು ಎಂಬುದು ದೊಡ್ಡ ಅನುಕೂಲ. ಆದರೂ ನನಗೆ ಸಿಕ್ಕ ಕೊಟೇಶನ್ ಒಂದೊಂದಕ್ಕೆ 30 ಸಾವಿರ ಡಾಲರ್ ಆಸುಪಾಸು. ಇದು ಸಹಿಸದ ಒಂದೇ ಸಂಗತಿ ಬಿಸಿ. ಒಮ್ಮೆ ಕುದಿಸಿದಿರೋ, ಆ 30 ಸಾವಿರ ಎಣಿಸಲು ಕೂರಬೇಕು.

"ಇಂಪೆಲ್ಲರ್ ವರ್ಷಕ್ಕೊಮ್ಮೆ ಬದಲಿಸಿ ಅಂತೀರಲ್ಲ, ಚೆನ್ನಾಗೇ ಇದ್ರೆ ಯಾಕೆ?"

ಇದು ಇಂಜಿನ್ ತಂಪಾಗಿಡಲು ಸಮುದ್ರದ ನೀರು ಎಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ, ಅಂಗೈ ಅಗಲದ್ದು. ನನ್ನ ಜನರೇಟರಿನದು ಚೆನ್ನಾಗಿಯೇ ಕಾಣುತ್ತಿತ್ತು. ಒಂದು ರಾತ್ರಿ ಎಸಿ ಹಾಕಿ ಮಲಗಿದ್ದಾಗ ಜನರೇಟರ್ ಬಿಸಿಯೇರಿ ನಿಂತಿತು. ಪಂಪು ಬಿಚ್ಚಿದರೆ ಚಕ್ರದ ಮೂರು ರೆಕ್ಕೆ ಇಲ್ಲ. ಎರಡು ಮುಂದಿನ ಹೋಸಿನಲ್ಲೇ ಸಿಕ್ಕವು. ಮೂರನೆಯದನ್ನು ಹುಡುಕಲು ಸೋಮಾರಿತನವಾಯಿತು, ಹೊರಗೆ ಹೋಗಿರಬೇಕು ಅಂದುಕೊಂಡೆ. ಹೊಸ ಚಕ್ರ ಹಾಕಿದೆ, ಓಡಿತು. ನಾಲ್ಕು ವಾರದ ಮೇಲೆ ಮತ್ತೆ ಬಿಸಿ. ಸಮುದ್ರದ ನೀರಿನಿಂದ ಇಂಜಿನ್ನಿನ ಬಿಸಿ ತೆಗೆಯುವ ಹೀಟ್ ಎಕ್ಸ್‌ಚೇಂಜರಿನ ಮುಚ್ಚಳ ತೆಗೆದಾಗ, ಸಣ್ಣ ತಾಮ್ರದ ಕೊಳವೆಗಳ ಬಾಯಿಗೆ ಅಡ್ಡಲಾಗಿ ಮೂರನೆಯ ರೆಕ್ಕೆ ಮಲಗಿತ್ತು, ಸುತ್ತ ಸಮುದ್ರದ ಹುಲ್ಲು ಕಟ್ಟಿಕೊಂಡು ಗುಬ್ಬಿ ಗೂಡಿನಂತೆ. ಈಗ ಹಳೆಯ ಚಕ್ರ ತೆಗೆದ ಕೂಡಲೇ ರೆಕ್ಕೆ ಎಣಿಸುತ್ತೇನೆ.

"ಬೋಟು ಕ್ಲೀನಾಗಿದೆ, ಆದ್ರೂ ಒಳಗೆ ಒಂಥರಾ ವಾಸನೆ. ಎಲ್ಲಿಂದ?"

ಟಾಯ್ಲೆಟ್ ಹೋಸಿನಿಂದ. ಸೋರಬೇಕೆಂದೇ ಇಲ್ಲ, ವರ್ಷಗಟ್ಟಲೆ ಕಳೆದ ಮೇಲೆ ವಾಸನೆ ರಬ್ಬರನ್ನೇ ಹಾಯ್ದು ಬರುತ್ತದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಹೋಸಿಗೆ ಸುತ್ತಿ, ತಣಿದ ಮೇಲೆ ಬಟ್ಟೆಯನ್ನು ಮೂಸಿ. ಮೂಸಿದರೆ ಗೊತ್ತಾಗುತ್ತದೆ, ವಿವರಿಸುವುದಿಲ್ಲ. ಫ್ಲಶ್ಶಿಗೆ ಸಮುದ್ರದ ನೀರು ಬಳಸುವ ಬೋಟಿನಲ್ಲಿ ಮೂತ್ರವೂ ಉಪ್ಪುನೀರೂ ಸೇರಿ ಹೋಸಿನೊಳಗೆ ಸುಣ್ಣ ಕಟ್ಟುತ್ತದೆ. ನಾನು ಬಿಚ್ಚಿದ ಒಂದೂವರೆ ಇಂಚಿನ ಹೋಸಿನಲ್ಲಿ ಕಿರುಬೆರಳು ಹೋಗುವಷ್ಟೇ ಜಾಗ ಉಳಿದಿತ್ತು. ಹೋಸನ್ನು ಧಕ್ಕೆಯ ಕಾಂಕ್ರೀಟಿಗೆ ಬಡಿದು ಸುಣ್ಣ ಉದುರಿಸುವವರಿದ್ದಾರೆ. ಹೊಸದು ಹಾಕುವುದು ಲೇಸು, ಪಕ್ಕದ ಬೋಟಿನವರೂ ಮಾತು ಬಿಡುವುದಿಲ್ಲ.

"ಎಷ್ಟು ದಿನಕ್ಕೊಮ್ಮೆ ನೀರಿಂದ ಮೇಲೆತ್ತಬೇಕು?"

ಫ್ಲಾರಿಡಾದ ಬೆಚ್ಚನೆ ನೀರಿನಲ್ಲಿ ಎರಡು ವರ್ಷ ದಾಟಿಸಬೇಡಿ. ತಳಕ್ಕೆ ಹೊಡೆಯುವ ತಾಮ್ರ ಬೆರೆತ ಬಣ್ಣ ಸವೆದ ಮೇಲೆ ಬಾರ್ನಕಲ್ಲಿನ ಚಿಪ್ಪುಗಳು ಫ್ಯಾನಿಗೇ ಮೊದಲು ಹತ್ತುತ್ತವೆ. ಫ್ಯಾನು ಅಂದರೆ ಪ್ರೊಪೆಲ್ಲರ್, ಊರಿನ ಮಾತು ಬಾಯಿಬಿಟ್ಟು ಹೋಗಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟುಗಳ ರಿಪೇರಿಗೆ ಅದೇ ಕಾಲ. ಇಲ್ಲಿ ಹಾಗೆ ಬಲವಂತದ ರಜೆ ಇಲ್ಲದ್ದರಿಂದ ಮುಂದೂಡುವುದೇ ಅಭ್ಯಾಸವಾಗುತ್ತದೆ. ಯಾರ್ಡಿಗೆ ಮೊದಲೇ ಫೋನು ಮಾಡಿ ಎರಡು ವಿಷಯ ಕೇಳಿಕೊಳ್ಳಿ: ಅವರ ಲಿಫ್ಟು ನಿಮ್ಮ ಬೋಟಿನ ತೂಕ, ಅಗಲಕ್ಕೆ ಸಾಕೇ, ಮತ್ತು ಅವರ ಜಾಗದಲ್ಲಿ ನೀವೇ ಕೆಲಸ ಮಾಡಲು ಬಿಡುತ್ತಾರೆಯೇ. ಬಿಡದ ಯಾರ್ಡುಗಳೇ ಜಾಸ್ತಿಯಾಗುತ್ತಿವೆ.

"ವಾರಾಂತ್ಯ ಬಾಡಿಗೆಗೆ ಬಿಟ್ರೆ ಖರ್ಚು ಹೊರಡುತ್ತಲ್ಲ?"

ದುಡ್ಡು ತೆಗೆದುಕೊಂಡು ಜನರನ್ನು ಕರೆದೊಯ್ಯಲು ಲೈಸೆನ್ಸಿನ ಕ್ಯಾಪ್ಟನ್ ಬೇಕು. ಚಿಕ್ಕ ಲೈಸೆನ್ಸಿಗೆ ಆರು ಪ್ರಯಾಣಿಕರ ಮಿತಿ. 1886ರ ಪ್ರಯಾಣಿಕ ನೌಕಾ ಕಾನೂನಿನ ಪ್ರಕಾರ ಬೋಟು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ತೈವಾನಿನದಕ್ಕೆ ವಿಶೇಷ ವಿನಾಯಿತಿ ಬೇಕು. ಇನ್ಶೂರೆನ್ಸು ಬೇರೆಯದೇ. ಇಷ್ಟಾದ ಮೇಲೆ ಆರು ಜನ ಅಪರಿಚಿತರು ನಿಮ್ಮ ಟಾಯ್ಲೆಟ್ಟಿಗೆ ಟಿಶ್ಯೂ ಪೇಪರ್ ಹಾಕುತ್ತಾರೆ.

## ಆಳಕ್ಕಿಳಿದವರವು

"ಬಲ್ಬ್ ಹೋಯ್ತು ಅಂತ ಹೊಸದು ಹಾಕಿದೆ, ಪಟ್ ಅಂತ ಸುಟ್ಟುಹೋಯ್ತು. ಏನಿದು?"

ನಿಮ್ಮದು 32 ವೋಲ್ಟಿನ ಬೋಟು. ಹಳೆಯ ಅಮೆರಿಕನ್ ಯಾಟುಗಳಲ್ಲಿ 8 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ 32 ಮಾಡುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವುದೆಲ್ಲ 12 ಅಥವಾ 24. ಒಂದೇ ಸಲ ಎಲ್ಲ ಬದಲಿಸಲು ಹೋಗಬೇಡಿ. ದೀಪ, ರೇಡಿಯೋಗಳಿಗೆ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ, ಪಂಪು ಕೆಟ್ಟಾಗ ಕೆಟ್ಟದ್ದನ್ನು ಬದಲಿಸುತ್ತಾ ಹೋಗಿ. ವೋಲ್ಟೇಜ್ ಇಳಿದರೆ ಕರೆಂಟು ಏರುತ್ತದೆ, ಹಳೆಯ ತೆಳು ವೈರು ತಡೆಯುವುದಿಲ್ಲ. ಹೊಸ ವೈರು ತವರದ ಲೇಪ ಇರುವ ತಾಮ್ರದ್ದೇ ಆಗಲಿ.

"ಶಾಫ್ಟಿನ ಜಿಂಕ್ ಆರೇ ವಾರಕ್ಕೆ ಕರಗಿಹೋಗಿದೆ. ಕಳಪೆ ಮಾಲಾ?"

ಮಾಲಿನ ತಪ್ಪಲ್ಲ, ಕರೆಂಟಿನ ಸಂಚಾರ. ಜಿಂಕ್ ಅಂದರೆ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ಕಟ್ಟುವ ಸತುವಿನ ತುಂಡು, ಬೇರೆ ಲೋಹಗಳ ಬದಲು ತಾನು ಕರಗಲೆಂದೇ ಇರುವುದು. ಧಕ್ಕೆಯಿಂದ ವಿದ್ಯುತ್ ಪಡೆಯುವ ಬೋಟುಗಳೆಲ್ಲ ಆ ಹಸಿರು ಅರ್ಥಿಂಗ್ ವೈರಿನ ಮೂಲಕ ಒಂದಕ್ಕೊಂದು ಜೋಡಣೆಯಾಗಿರುತ್ತವೆ. ನೀರೇ ಬ್ಯಾಟರಿಯ ಆಮ್ಲ, ನಿಮ್ಮ ಜಿಂಕು ಊರಿಗೆಲ್ಲ ಕರಗುತ್ತಿದೆ. ಆ ವೈರಿನಲ್ಲಿ ಈ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೋಲೇಟರ್ ಹಾಕಿ. ಅದನ್ನು ಹಾಕಿದ ಮೇಲೂ ಕರಗಿದರೆ ನಿಮ್ಮದೇ ಬಿಲ್ಜಿನಲ್ಲಿ, ಅಂದರೆ ತಳದ ಗುಂಡಿಯಲ್ಲಿ, ಯಾವುದೋ 12 ವೋಲ್ಟಿನ ವೈರು ನೀರಿಗೆ ತಾಗಿದೆ. ಹಾಗೇ ತಳದ ವಾಲ್ವುಗಳನ್ನು ಚಾಕುವಿನ ತುದಿಯಿಂದ ಕೆರೆದು ನೋಡಿ. ಹಳದಿ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಲೋಹದೊಳಗಿನ ಸತು ಹೊರಟುಹೋಗಿದೆ, ಕೈಯಲ್ಲಿ ಮುರಿದುಬರಬಹುದು. ಬೋಟು ನೀರಿನಿಂದ ಮೇಲೆ ಇರುವಾಗಲೇ ಆ ವಾಲ್ವನ್ನು ತಿರುಗಿಸಿ ನೋಡಿ.

"ಇಂಜಿನ್ ತನ್ನಷ್ಟಕ್ಕೆ ಓಡೋಕೆ ಶುರು ಮಾಡ್ತದಂತೆ, ಕೀ ತಿರುಗಿಸಿದ್ರೂ ನಿಲ್ಲಲ್ವಂತೆ. ನಿಜಾನಾ?"

ಹಳೆಯ ಡೆಟ್ರಾಯಿಟಿನಲ್ಲಿ ನಿಜ. ಇಂಜೆಕ್ಟರ್‌ಗಳನ್ನು ನಡೆಸುವ ಸಲಾಕೆ ಡೀಸೆಲ್ ಕೊಡುವ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ವೇಗ ಏರುತ್ತಲೇ ಹೋಗುತ್ತದೆ. ಆಗ ಉಸಿರು ಕಟ್ಟಿಸಬೇಕು. ಇಂಜಿನ್ನಿಗೆ ಗಾಳಿ ತಳ್ಳುವ ಬ್ಲೋವರಿನ ಬಾಯಿಯಲ್ಲಿ ಅದಕ್ಕೆಂದೇ ಒಂದು ಮುಚ್ಚಳ ಇದೆ, ಅದಕ್ಕೆ ಕೇಬಲ್ಲೂ ಇದೆ. ಎಷ್ಟೋ ಬೋಟುಗಳಲ್ಲಿ ಆ ಕೇಬಲ್ ತುಕ್ಕು ಹಿಡಿದಿರುತ್ತದೆ. ಇಂಜಿನ್ ನಿಂತಿರುವಾಗ ತಿಂಗಳಿಗೊಮ್ಮೆ ಕೈಯಲ್ಲಿ ಎಳೆದು ನೋಡಿ. ಓಡುತ್ತಿರುವಾಗ ಪರೀಕ್ಷೆಗೆಂದು ಎಳೆಯಬೇಡಿ, ಬ್ಲೋವರಿನ ಸೀಲುಗಳು ಹಾಳಾಗುತ್ತವೆ.

"ಇಂಜಿನ್ ರೂಮಲ್ಲಿ ಕೆಂಪು ಸಿಲಿಂಡರ್ ಇದೆ, ಮೇಲೆ ಹ್ಯಾಲಾನ್ ಅಂತ ಬರೆದಿದೆ. ಇರ್ಲಾ?"

ಬೆಂಕಿ ಆರಿಸುವ ಅನಿಲ ಅದು, ಒಳ್ಳೆಯದೇ. ಓಝೋನ್ ಪದರಕ್ಕೆ ಕೆಡುಕೆಂದು ಅಮೆರಿಕದಲ್ಲಿ ಅದರ ತಯಾರಿ 1994ಕ್ಕೆ ನಿಂತಿತು. ಅಂದರೆ ನಿಮ್ಮ ಸಿಲಿಂಡರ್ ಅದಕ್ಕಿಂತ ಹಳತು. ತೂಕ ಹಾಕಿಸಿ, ಅನಿಲ ಉಳಿದಿದೆಯೇ ನೋಡಿಸಿ. ಬೆಂಕಿ ಬಿದ್ದಾಗ ಡೀಸೆಲ್ ಇಂಜಿನ್ ಓಡುತ್ತಲೇ ಇದ್ದರೆ ಅನಿಲವನ್ನೆಲ್ಲ ಅದೇ ಎಳೆದುಕೊಂಡು ಹೊರಗೆ ಉಗುಳುತ್ತದೆ. ಇಂಜಿನ್ ತಾನಾಗಿ ನಿಲ್ಲುವ ವ್ಯವಸ್ಥೆಯೂ ಜೊತೆಗಿರಬೇಕು.

"ಇದನ್ನ ಮಂಗಳೂರಿಗೆ ತರ್ಬಹುದಲ್ವಾ ಅಣ್ಣ?"

ತನ್ನ ಟ್ಯಾಂಕಿನ ಡೀಸೆಲ್ಲಿನಲ್ಲಿ ಅಟ್ಲಾಂಟಿಕ್ ದಾಟುವ ಬೋಟಲ್ಲ ಇದು, ಹಡಗಿನ ಮೇಲೆ ಹೊರಿಸಿ ತರಬೇಕು. ತಂದರೆ ಒಳಗಿರುವ ಎಸಿ, ಫ್ರಿಜ್ಜೆಲ್ಲ 60 ಹರ್ಟ್ಸಿನವು, ಊರಿನ ಕರೆಂಟು 50. ಬೇಡ ಮಾರಾಯ. ಊರಿಗೆ ನಾನೇ ಬರುತ್ತೇನೆ.

"ಇಷ್ಟೆಲ್ಲ ಕಷ್ಟ ಅಂದ್ರೆ ನಿಮ್ಮದನ್ನ ಮಾರ್ತೀರಾ? ಎಷ್ಟಕ್ಕೆ?"

ಕಿಟಕಿ ಕೆಲಸ ಮುಗಿದ ಮೇಲೆ ಕೇಳಿ. ಎಡಬದಿಯವು ಇನ್ನೂ ಮೂರಿವೆ.